ಪೆನ್ಸಿಲ್ ಕಂಡರೆ ಹೊಟ್ಟೆನೋವು

(ಹೆಸರು ಮತ್ತು ಗುರುತು ಸಿಗುವ ವಿವರ ಬದಲಿಸಿದ್ದೇನೆ.)

ಮಗುವನ್ನು ಧೃತಿ ಎನ್ನೋಣ. 4 ವರ್ಷ 3 ತಿಂಗಳು, ಎಲ್‌ಕೆಜಿ. ಮನೆ ವಿಜಯನಗರದ ಕಡೆ. ಅಪ್ಪ ಐಟಿ, ಅಮ್ಮ ಬ್ಯಾಂಕು, ಜೊತೆಗೆ ಹಾಸನದಿಂದ ಬಂದಿರುವ ಅಜ್ಜಿ. ಬೆಳಿಗ್ಗೆ ಯೂನಿಫಾರ್ಮ್ ಹಾಕುತ್ತಿದ್ದಂತೆ ಮಗುವಿಗೆ ಹೊಟ್ಟೆನೋವು. ಭಾನುವಾರ ಇಲ್ಲ. ಮಕ್ಕಳ ಡಾಕ್ಟರ್ ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದಿದ್ದರು. ಕಣ್ಣು, ಕಿವಿಯೂ ಸರಿ ಇತ್ತು. ಸ್ಕೂಲ್ ಡೈರಿಯಲ್ಲಿ ಮಾತ್ರ ಒಂದೇ ದೂರು: ಬರೆಯುವುದಿಲ್ಲ, ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ.

ಹೀಗಾಗಿ ಮನೆಯವರು ಅವಳನ್ನು ನನ್ನಲ್ಲಿಗೆ ಕರೆತಂದರು. ದಿನಚರಿ ಕೇಳಿದೆ. ಸ್ಕೂಲು, ಊಟ, ನಿದ್ದೆ. ಸಂಜೆ ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸುವ ಫೋನಿಕ್ಸ್ ಕ್ಲಾಸ್, ವಾರಕ್ಕೆರಡು ದಿನ ಮಣಿ ಸರಿಸಿ ಲೆಕ್ಕ ಕಲಿಸುವ ಅಬ್ಯಾಕಸ್. ರಾತ್ರಿ ಹೋಂವರ್ಕ್. ಊಟ ಇಳಿಯಬೇಕಾದರೆ ಎದುರಿಗೆ ಮೊಬೈಲ್. ಆಟ ಯಾವಾಗ ಅಂದರೆ, "ತುಂಬಾ ಎಜುಕೇಷನಲ್ ಟಾಯ್ಸ್ ತಂದುಕೊಟ್ಟಿದೀವಿ ಮೇಡಂ" ಎಂದರು ಅಮ್ಮ.

ನನ್ನ ಕೋಣೆಯಲ್ಲಿ ನೆಲದ ಮೇಲೆ ಒಂದಿಷ್ಟು ಪಾತ್ರೆ, ಮರದ ತುಂಡು, ಅಂಗಿಯ ಗುಂಡಿಗಳಿವೆ. ಮಗಳ ಜೊತೆ ಆಡಿ ಎಂದು ಅಮ್ಮನಿಗೆ ಹೇಳಿದೆ. ಧೃತಿ ಪಾತ್ರೆಗೆ ತುಂಡುಗಳನ್ನು ಹಾಕಿ ಸೌಟಿನಲ್ಲಿ ತಿರುವತೊಡಗಿದಳು. "ಇದು ಯಾವ ಕಲರ್? ಎಷ್ಟಿದೆ, ಕೌಂಟ್ ಮಾಡು ನೋಡೋಣ?" ಎಂದರು ಅಮ್ಮ. ಮಗು ಸೌಟು ಕೆಳಗಿಟ್ಟಿತು. ಆಟ ಮುಗಿಯಿತು.

ಆಮೇಲೆ ಅಜ್ಜಿಯನ್ನು ಕೂರಿಸಿದೆ. ಅವರು ಗೋಡೆಗೆ ಒರಗಿ, "ನಂಗೊಂದು ಲೋಟ ಕಾಫಿ ಕೊಡ್ತೀಯಾ ಪುಟ್ಟಿ?" ಎಂದರು, ಅಷ್ಟೇ. "ಸಕ್ರೆ ಖಾಲಿ ಅಜ್ಜಿ, ಅಂಗಡಿಗೆ ಹೋಗ್ಬರ್ತೀನಿ ಇರಿ." ಮೂಲೆಗೆ ಹೋಗಿ ನಾಲ್ಕು ಗುಂಡಿ ತಂದಳು. ಅದು ಸಕ್ಕರೆ. ಕಾಗದದ ಚೂರು ದುಡ್ಡು. ನಾವು ನಾಲ್ಕು ಜನ, ಲೋಟ ಮೂರು. "ಒಂದು ಕಮ್ಮಿ ಇದೆ, ಅಪ್ಪಂಗೆ ಆಮೇಲೆ" ಎಂದು ಅವಳೇ ಲೆಕ್ಕ ಹಾಕಿದಳು. ಅಮ್ಮ ಕೇಳಿದಾಗ ಹೊರಡದ ಎಣಿಕೆ ಇಲ್ಲಿ ತಾನಾಗಿ ಬಂತು.

ಗುಂಡಿಯನ್ನು ಸಕ್ಕರೆ ಅಂದುಕೊಳ್ಳುವುದು ಸುಮ್ನೆ ತಮಾಷೆಯಲ್ಲ. ಒಂದು ವಸ್ತು ಇನ್ನೊಂದರ ಬದಲು ನಿಲ್ಲಬಹುದು ಎಂದು ಮಗು ಆಗ ಅರಿಯುತ್ತದೆ. ಮುಂದೆ 'ಅ' ಎಂಬ ಗೆರೆ ಒಂದು ಸದ್ದಿನ ಬದಲು ನಿಲ್ಲಬೇಕಾದರೆ ಇದೇ ಅರಿವು ಬೇಕು. ಕೋಲನ್ನು ಕುದುರೆ ಮಾಡಿಕೊಳ್ಳುವ ಮಗುವನ್ನು ಇಟ್ಟುಕೊಂಡು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ 1933ರಲ್ಲೇ ಇಂಥದ್ದನ್ನು ವಿವರಿಸಿದ್ದರು.

ಅಪ್ಪನ ಚಿಂತೆ ಬೇರೆ. ಒಂದನೇ ಕ್ಲಾಸಿಗೆ ಒಳ್ಳೆಯ ಸ್ಕೂಲಲ್ಲಿ ಸೀಟು ಸಿಗಬೇಕಲ್ಲ? ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನೋಡಿ ಎಂದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಲಿಕೆ ಆಟದ ಮೂಲಕ ನಡೆಯಬೇಕು ಎನ್ನುತ್ತದೆ. "ರೂಲ್ಸ್ ಇರಬಹುದು ಮೇಡಂ, ಪಕ್ಕದ ಮನೆ ಹುಡುಗ ಆಗ್ಲೇ ಸೆಂಟೆನ್ಸ್ ಬರೀತಾನೆ" ಎಂದರು. ಈ ಪಕ್ಕದ ಮನೆ ಹುಡುಗ ನನ್ನಲ್ಲಿಗೆ ಬರುವ ಎಲ್ಲರ ಪಕ್ಕದ ಮನೆಯಲ್ಲೂ ಇರುತ್ತಾನೆ!

ನಾನು ಕೊಟ್ಟ ಮೊದಲ ಸಲಹೆ, ಮನೆಯಲ್ಲಿ ಸದ್ಯಕ್ಕೆ ಪೆನ್ಸಿಲ್ ಬೇಡ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಕೆಲವು ಮೂಳೆಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಬೆರಳಿಗೆ ಬಲ ಬರಲು ಬೇರೆ ದಾರಿ ಇದೆ. ಅವರೆಕಾಯಿ ಕಾಲ ಬೇರೆ. ಅಜ್ಜಿ ಕಾಳು ನೆನೆಸಿ ಹಿದುಕುವಾಗ ಅವಳೂ ಹಿದುಕಲಿ. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಅದೇ ಎರಡು ಬೆರಳ ಒತ್ತು. ಚಪಾತಿ ಹಿಟ್ಟು ನಾದಲಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಲಿ.

ಎರಡನೆಯದು, ದಿನಕ್ಕೆ ಅರ್ಧ ಗಂಟೆ ಅಪ್ಪ ಅಥವಾ ಅಮ್ಮ ಫೋನ್ ದೂರವಿಟ್ಟು ನೆಲದ ಮೇಲೆ ಕೂರಬೇಕು. ಪ್ರಶ್ನೆ ಕೇಳಬಾರದು, ತಿದ್ದಬಾರದು. ಮಗು ಕೊಟ್ಟ ಪಾತ್ರ ಮಾಡಬೇಕು. ಅಮ್ಮನಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. "ಬಾಯಿ ತಡೆಯೋಕೇ ಆಗಲ್ಲ ಮೇಡಂ" ಎಂದರು.

ಇನ್ನು ಓಡಾಟ. 3-4 ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಮೈ ಆಡಿಸಬೇಕು, ಸ್ಕ್ರೀನ್ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಸಂಜೆಯ ಕ್ಲಾಸ್ ಬಿಟ್ಟು ಪಾರ್ಕಿಗೆ ಕಳಿಸಿ ಎಂದೆ. ಅಬ್ಯಾಕಸ್ ಬಿಟ್ಟರು. ಫೋನಿಕ್ಸ್‌ಗೆ ಫೀಸು ಕಟ್ಟಿಯಾಗಿತ್ತು, ಬಿಡಲಿಲ್ಲ. ನಾನೂ ಹಠ ಹಿಡಿಯಲಿಲ್ಲ.

ಟೀಚರ್ ಜೊತೆ ಮಾತಾಡಿದೆ. ನೋಟ್‌ಬುಕ್ ತುಂಬದಿದ್ದರೆ ತಂದೆತಾಯಿಗಳೇ ಜಗಳಕ್ಕೆ ಬರುತ್ತಾರೆ ಎಂದರು ಆಕೆ. ಸುಳ್ಳಲ್ಲ. ಧೃತಿಗೆ ಕಾಪಿ ರೈಟಿಂಗ್ ಬಿಟ್ಟು ಜೇಡಿಮಣ್ಣು ಕೊಡಲು ಒಪ್ಪಿದರು.

ಆದರೆ ಎಲ್ಲ ಮಕ್ಕಳಿಗೂ ಇಷ್ಟೇ ಸಾಕು ಎಂದುಕೊಳ್ಳಬೇಡಿ. ಹೆಸರು ಕರೆದರೆ ತಿರುಗದ, ಮಾತು ತಡವಾಗಿರುವ, ಈ ವಯಸ್ಸಿನಲ್ಲೂ ಅಡುಗೆ ಆಟದಂಥ ನಟನೆಯ ಆಟ ಆಡದ ಮಗುವಾದರೆ ಕಾಯುತ್ತಾ ಕೂರಬೇಡಿ. ಮಕ್ಕಳ ಡಾಕ್ಟರಿಗೋ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೋ ತೋರಿಸಿ.

ಧೃತಿಯ ಹೊಟ್ಟೆನೋವು ಈಗ ಕಡಿಮೆ. ಸೋಮವಾರ ಒಮ್ಮೊಮ್ಮೆ ಬರುತ್ತದೆ. ಪೆನ್ಸಿಲ್ ಮತ್ತೆ ಯಾವಾಗ ಎಂದು ಅಪ್ಪ ಮೊನ್ನೆಯೂ ಫೋನ್ ಮಾಡಿ ಕೇಳಿದರು. ಯುಕೆಜಿಗೆ ಬರಲಿ, ಆಗ ನೋಡೋಣ ಎಂದಿದ್ದೇನೆ.