ಹೃದಯಕ್ಕೆ ಎಕ್ಸೋಸೋಮ್ ಇಂಜೆಕ್ಷನ್: ಹಾಕಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ಎಂಟು ತಿಂಗಳ ಹಿಂದೆ ನಮ್ಮಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಪಂಪಿಂಗ್ ಕಡಿಮೆ ಇದೆಯಂತೆ. ಎಕ್ಸೋಸೋಮ್ ಇಂಜೆಕ್ಷನ್ ಕೊಟ್ಟರೆ ಹೃದಯ ಹೊಸದಾಗುತ್ತೆ ಅಂತ ಮಾವ ಒಂದು ವಿಡಿಯೋ ಕಳಿಸಿದ್ದಾರೆ. ನಿಜವಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಅರ್ಧ ನಿಜ. ಆ ಅರ್ಧ ತುಂಬಾ ಸ್ವಾರಸ್ಯವಾಗಿದೆ, ಅದನ್ನೇ ಮೊದಲು ಹೇಳುತ್ತೇನೆ.

ಹೃದಯಕ್ಕೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹಾಕಿದರೆ ಅವೇ ಹೊಸ ಸ್ನಾಯು ಆಗುತ್ತವೆ ಅಂತ ಒಂದು ಕಾಲದಲ್ಲಿ ದೊಡ್ಡ ಆಸೆ ಇತ್ತು. ಹಾಗಾಗಲಿಲ್ಲ. ಹಾಕಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು, ಆದರೂ ಪ್ರಯೋಗದ ಪ್ರಾಣಿಗಳ ಹೃದಯ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಹಾಗಾದರೆ ಕೆಲಸ ಮಾಡಿದ್ದು ಯಾರು? ಕೋಶಗಳು ಹೊರಗೆ ಬಿಟ್ಟ ವಸ್ತುಗಳು, ಅದರಲ್ಲೂ ಎಕ್ಸೋಸೋಮ್ ಅನ್ನುವ ಪುಟಾಣಿ ಚೀಲಗಳು. ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್, ಒಂದು ಕೂದಲಿನ ದಪ್ಪದಲ್ಲಿ ನೂರಾರು ಸಾಲಾಗಿ ಕೂರುತ್ತವೆ. 1983ರಲ್ಲಿ ಕುರಿ ಮತ್ತು ಇಲಿಯ ಎಳೆ ರಕ್ತಕೋಶಗಳಲ್ಲಿ ಇವು ಕಂಡಾಗ, ಕೋಶ ಬೇಡದ್ದನ್ನು ಹೊರಗೆ ಹಾಕುತ್ತಿದೆ ಅಂದುಕೊಂಡರು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಒಳಗೆ ಆರ್‌ಎನ್‌ಎ (ಏನು ತಯಾರಿಸಬೇಕು ಅಂತ ಕೋಶಕ್ಕೆ ಹೇಳುವ ಸಂದೇಶದ ಅಣು) ಇದೆ, ಅದು ಬೇರೆ ಕೋಶಕ್ಕೆ ಹೋಗಿಯೂ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಕಸದ ಚೀಲ ಅಂದುಕೊಂಡದ್ದು ಅಂಚೆಯಾಗಿತ್ತು! 2010ರಲ್ಲಿ ಸಿಂಗಪುರದ ತಂಡವೊಂದು ಕೋಶ ಬಿಟ್ಟು ಬರೀ ಈ ಚೀಲಗಳನ್ನೇ ಇಲಿಗಳಿಗೆ ಕೊಟ್ಟಿತು, ಹೃದಯದಲ್ಲಿ ಹಾಳಾಗುವ ಭಾಗ ಕಡಿಮೆಯಾಯಿತು.

ಇವು ಉರಿಯೂತ ತಗ್ಗಿಸುತ್ತವೆ, ಸಾಯುವ ಹಂತದಲ್ಲಿರುವ ಕೋಶಗಳನ್ನು ಉಳಿಸುತ್ತವೆ, ಸಣ್ಣ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಸತ್ತ ಸ್ನಾಯುವನ್ನು ಎಬ್ಬಿಸುವುದಿಲ್ಲ. ಆ ಇಲಿಗಳಿಗೆ ಚೀಲಗಳನ್ನು ಕೊಟ್ಟದ್ದು, ಕಟ್ಟಿದ ನಾಳವನ್ನು ಬಿಚ್ಚಿ ರಕ್ತ ಮತ್ತೆ ಹರಿಯಬಿಡುವ ಹೊತ್ತಿನಲ್ಲಿ. ನಿಮ್ಮ ತಂದೆಯವರಿಗೆ ಎಂಟು ತಿಂಗಳಾಗಿದೆ, ಅಲ್ಲಿ ಆಗಲೇ ಗಾಯದ ಕಲೆ ಗಟ್ಟಿಯಾಗಿರುತ್ತದೆ. ಹೃದಯ ತಾನಾಗೇ ಹೊಸ ಸ್ನಾಯುಕೋಶ ಮಾಡಿಕೊಳ್ಳುವುದೂ ತೀರಾ ನಿಧಾನ, 25ರ ವಯಸ್ಸಿನಲ್ಲೇ ವರ್ಷಕ್ಕೆ ಸುಮಾರು ಶೇಕಡಾ 1, ಆಮೇಲೆ ಇನ್ನೂ ಕಡಿಮೆ.

ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ, ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ತನ್ನ ಒಪ್ಪಿಗೆ ಇಲ್ಲ ಅಂತ ಜನರನ್ನು ಎಚ್ಚರಿಸಿತ್ತು. ಯಾರಾದರೂ "ಇದು ಟ್ರಯಲ್" ಅಂದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಅಧಿಕೃತ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ನಿಜವಾದ ಟ್ರಯಲ್‌ನಲ್ಲಿ ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಈಗ ನಡೆಯುತ್ತಿರುವ ಮಾತ್ರೆಗಳನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ, ಪಂಪಿಂಗ್ ಎಷ್ಟಾಗಿದೆ ಅಂತ ಮತ್ತೊಂದು ಎಕೋ ಯಾವಾಗ ಮಾಡಿಸಬೇಕೆಂದು ನಿಮ್ಮ ಡಾಕ್ಟರನ್ನು ಕೇಳಿ.