ಅಮೆರಿಕದಲ್ಲಿ ಪ್ರಿ-ಮೆಡ್ ಓದಿಗೆ ದುಬಾರಿ ಖಾಸಗಿ ಕಾಲೇಜೇ ಬೇಕೇ?

ಬೇಕಿಲ್ಲ. ಅಲ್ಲಿ ಪ್ರಿ-ಮೆಡ್, ಅಂದರೆ ವೈದ್ಯಕೀಯ ಕಾಲೇಜು ಸೇರಲು ಪದವಿಯ ಹಂತದಲ್ಲಿ ನಡೆಸುವ ತಯಾರಿ, ಪ್ರತ್ಯೇಕ ಪದವಿಯಲ್ಲ. ಯಾವ ವಿಷಯದಲ್ಲಿ ಪದವಿ ಪಡೆದರೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಕೋರ್ಸುಗಳನ್ನು ಮುಗಿಸಿ, 472ರಿಂದ 528ರವರೆಗಿನ ಅಂಕಮಾನದ ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದು ವೈದ್ಯಕೀಯ ಕಾಲೇಜಿಗೆ ಅರ್ಜಿ ಸಲ್ಲಿಸಬಹುದು. ಆದ್ದರಿಂದ ಶುಲ್ಕ ಕಡಿಮೆಯಿರುವ, ತಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವನ್ನು ಮೊದಲು ಪರಿಶೀಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ ತನ್ನ ಬಹುತೇಕ ವಿದ್ಯಾರ್ಥಿಗಳಿಗೆ ಸೀಟು ಸಿಕ್ಕಿದೆ ಎನ್ನುವ ಪದವಿ ಕಾಲೇಜನ್ನು, ಆ ಲೆಕ್ಕದಿಂದ ಯಾರನ್ನು ಕೈಬಿಡಲಾಗಿದೆ ಎಂದು ಕೇಳಲೇಬೇಕು. ಕೆಲವೆಡೆ ಕಡಿಮೆ ಅಂಕದವರಿಗೆ ವೈದ್ಯಕೀಯ ಪ್ರವೇಶಕ್ಕಾಗಿ ಕಾಲೇಜಿನ ಸಮಿತಿ ಕೊಡುವ ಶಿಫಾರಸು ಪತ್ರವೇ ದೊರೆಯುವುದಿಲ್ಲ. ಮೊದಲ ವರ್ಷಗಳಲ್ಲೇ ಈ ಹಾದಿ ತೊರೆದವರಂತೂ ಎಣಿಕೆಗೇ ಬರುವುದಿಲ್ಲ.

2026ರ ಜುಲೈನಿಂದ ಹೊಸ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಿಗುವ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಶಿಕ್ಷಣ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿಯಿರುವುದರಿಂದ, ಪದವಿಯ ಹಂತದಲ್ಲಿ ಉಳಿಸಿದ ಹಣ ಮುಂದಿನ ನಾಲ್ಕು ವರ್ಷಗಳ ವೈದ್ಯಕೀಯ ಓದಿಗೆ ನೇರವಾಗಿ ಒದಗುತ್ತದೆ.