ಪಿಸಿ ಗೇಮನ್ನು ಮನೆಯ ಟಿವಿಗೆ ಸ್ಟ್ರೀಮ್ ಮಾಡಿದರೆ ಚಿತ್ರ ಒಡೆಯುತ್ತದೆ, ಕಂಟ್ರೋಲರ್ ಎರಡೆರಡು ಸಲ ಒತ್ತಿದ ಹಾಗಾಗುತ್ತದೆ. ಏನು ಮಾಡಲಿ?

ನೀವು ಹೇಳಿದ್ದು ಇಷ್ಟು: ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಉಪ್ಪರಿಗೆಯಲ್ಲಿ ಪಿಸಿ, ಕೆಳಗೆ ಚಾವಡಿಯಲ್ಲಿ ಆಂಡ್ರಾಯ್ಡ್ ಟಿವಿ. ಪಿಸಿಯಲ್ಲಿ ಆಟದ ಚಿತ್ರ ಕಳಿಸುವ ಸನ್‌ಶೈನ್, ಟಿವಿಯಲ್ಲಿ ಅದನ್ನು ಹಿಡಿದು ತೋರಿಸುವ ಮೂನ್‌ಲೈಟ್ ಆ್ಯಪ್, ಪಿಸಿ ಟಿವಿ ಎರಡೂ ವೈಫೈಯಲ್ಲಿ. ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಪಿಎಸ್4 ಕಂಟ್ರೋಲರ್ ತಡವಾಗಿ ಕೇಳುತ್ತದೆ. ಮೆನುವಿನಲ್ಲಿ ಒಂದು ಸಲ ಒತ್ತಿದರೆ ಎರಡು ಸಾಲು ಕೆಳಗಿಳಿಯುತ್ತದೆ. 100 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಬೇಕಾ ಅಂತ ಕೇಳಿದ್ದೀರಿ.

ಏರಿಸಬೇಡಿ. ಆಟದ ಚಿತ್ರ ನಿಮ್ಮ ಪಿಸಿಯಿಂದ ಮೋಡೆಮ್‌ಗೆ, ಅಲ್ಲಿಂದ ಟಿವಿಗೆ ಹೋಗುತ್ತದೆ ಅಷ್ಟೆ. ಮನೆಯಿಂದ ಹೊರಗೇ ಹೋಗುವುದಿಲ್ಲ. ಫೈಬರ್ ಕಡಿದು ಬಿದ್ದ ದಿನವೂ ಮೂನ್‌ಲೈಟ್ ಓಡಬೇಕು. ಪ್ಲಾನಿಗೆ ಹಾಕುವ ದುಡ್ಡಿನಲ್ಲಿ ಒಳ್ಳೆಯ ಲ್ಯಾನ್ ವೈರ್ ತನ್ನಿ. ಆದರೆ ಅದಕ್ಕೂ ಮೊದಲು ತೊಂದರೆ ಎಲ್ಲಿದೆ ಅಂತ ನೋಡೋಣ.

ಮೂನ್‌ಲೈಟ್‌ನ ಸೆಟ್ಟಿಂಗ್ಸ್‌ನಲ್ಲಿ, ಸ್ಟ್ರೀಮ್ ಆಗುವಾಗ ಪರ್ಫಾರ್ಮೆನ್ಸ್ ಅಂಕಿ ತೋರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ ಆಡಿ. ಚಿತ್ರ ಒಡೆಯುವ ಹೊತ್ತಿಗೆ ಮೂರು ಅಂಕಿ ನೋಡಿ: ಪಿಸಿ ಒಂದು ಫ್ರೇಮ್ (ಅಂದರೆ ಒಂದು ಬಿಡಿ ಚಿತ್ರ) ತಯಾರಿಸಲು ತೆಗೆದುಕೊಂಡ ಸಮಯ, ನೆಟ್‌ವರ್ಕ್‌ನಲ್ಲಿ ಕಳೆದುಹೋದ ಫ್ರೇಮ್‌ಗಳ ಶೇಕಡಾವಾರು, ಟಿವಿ ಅದನ್ನು ಬಿಚ್ಚಿ ತೋರಿಸಲು ತೆಗೆದುಕೊಂಡ ಸಮಯ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಪಿಸಿಯ ಅಂಕಿ ಅಥವಾ ಟಿವಿಯ ಅಂಕಿ ಅದರ ಹತ್ತಿರ ಬಂದರೆ ತಪ್ಪು ಆ ಕಡೆ. ಎರಡೂ ಕಡಿಮೆ ಇದ್ದು ಕಳೆದುಹೋದ ಫ್ರೇಮ್ ಮಾತ್ರ ಏರುತ್ತಿದ್ದರೆ ತಪ್ಪು ನಡುವಿನ ನೆಟ್‌ವರ್ಕ್‌ನದ್ದು. ಇದನ್ನು ನೋಡದೆ ಸುಮ್ನೆ ಸೆಟ್ಟಿಂಗ್ ತಿರುಗಿಸುತ್ತಾ ಕೂತರೆ ಭಾನುವಾರ ಪೂರ್ತಿ ಹೋಗುತ್ತದೆ, ಆಟ ಮಾತ್ರ ಆಗುವುದಿಲ್ಲ.

ನಿಮ್ಮ ವಿವರ ನೋಡಿದರೆ ತಪ್ಪು ನೆಟ್‌ವರ್ಕ್‌ನದ್ದೇ ಅಂತ ನನಗೆ ಅನಿಸುತ್ತದೆ. ನಮ್ಮ ಕಡೆಯ ಮನೆಗಳು ಹೇಗಿವೆ ನೋಡಿ. ಕೆಂಪುಕಲ್ಲಿನ ದಪ್ಪ ಗೋಡೆ, ಉಪ್ಪರಿಗೆಗೂ ಚಾವಡಿಗೂ ನಡುವೆ ಕಬ್ಬಿಣ ಹಾಕಿದ ಸ್ಲ್ಯಾಬ್. ಕೇಬಲ್‌ನವರು ಫೈಬರ್ ಒಳಗೆ ಬರುವ ಜಾಗದಲ್ಲೇ, ಸಿಟೌಟ್ ಪಕ್ಕದ ಮೂಲೆಯಲ್ಲಿ, ಗೋಡೆಗೆ ಮೋಡೆಮ್ ಬಿಗಿದು ಹೋಗುತ್ತಾರೆ. ವೈಫೈಯ ಎರಡು ಬ್ಯಾಂಡುಗಳಲ್ಲಿ 2.4 ಗಿಗಾಹರ್ಟ್ಸ್ ಹೇಗೋ ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಎಲ್ಲಾ ಸೇರಿ ಗಲಾಟೆ. 5 ಗಿಗಾಹರ್ಟ್ಸ್ ಸ್ವಚ್ಛ, ಆದರೆ ಎರಡು ಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಿದ್ದರೆ ಇನ್ನೂ ಕಷ್ಟ.

ಅದಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. ಪಿಸಿಯೂ ವೈಫೈ, ಟಿವಿಯೂ ವೈಫೈ ಆದರೆ ಒಂದೇ ಚಿತ್ರ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಉಪ್ಪರಿಗೆಯಿಂದ ಮೋಡೆಮ್‌ಗೆ ಒಮ್ಮೆ, ಮೋಡೆಮ್‌ನಿಂದ ಟಿವಿಗೆ ಇನ್ನೊಮ್ಮೆ. ಎರಡೂ ಒಂದೇ ಬ್ಯಾಂಡಿನಲ್ಲಿದ್ದರೆ ಒಂದು ಹೋಗುವಾಗ ಇನ್ನೊಂದು ಕಾಯಬೇಕು. ಹಾಗಾಗಿ ಎರಡಕ್ಕೂ ವೈರ್ ಎಳೆಯಲು ಆಗದಿದ್ದರೆ ಪಿಸಿಗೆ ಮಾತ್ರ ಎಳೆಯಿರಿ. ಗಾಳಿಯ ಮೇಲಿನ ಹೊರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಪರೀಕ್ಷೆ ಮಾಡಿ ನೋಡಬೇಕಾ? ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೋಡೆಮ್‌ನ ವಿಳಾಸಕ್ಕೆ ಪಿಂಗ್ ಹಾಕಿ, ಅಂದರೆ ಅಲ್ಲಿಂದ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯಿರಿ. ವಿಳಾಸ ಸಾಮಾನ್ಯವಾಗಿ 192.168.1.1 ಇರುತ್ತದೆ. ಕೊನೆಗೆ ಮೈನಸ್ ಟಿ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಓಡುತ್ತಾ ಇರುತ್ತದೆ. ವೈರ್‌ನಲ್ಲಿದ್ದರೆ ಸಾಲು ಸಾಲಾಗಿ 1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ವೈಫೈನಲ್ಲಿ 3, 4, 3, 5 ಅಂತ ಬರುತ್ತಾ ಮಧ್ಯೆ ಒಂದು 120 ಹಾರಿದರೆ, ಚಿತ್ರ ಒಡೆಯುವುದು ಅಲ್ಲೇ. ಇಲ್ಲಿ ಸರಾಸರಿ ನೋಡಿ ಪ್ರಯೋಜನವಿಲ್ಲ, ಹಾರಿದ್ದನ್ನು ನೋಡಬೇಕು. ಯೂಟ್ಯೂಬ್ ಮುಂದಿನದ್ದನ್ನು ಮೊದಲೇ ತುಂಬಿಸಿಟ್ಟುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಈ 120 ಗೊತ್ತೇ ಆಗುವುದಿಲ್ಲ. ಆಟದಲ್ಲಿ ತುಂಬಿಸಿಡುವಂಥದ್ದು ಏನೂ ಇರುವುದಿಲ್ಲ.

ವೈರ್ ಹಾಕಿಸುವಾಗ ಒಳಗಿನ ಎಂಟು ಎಳೆಯನ್ನೂ ತುದಿಯ ಪಿನ್ನಿಗೆ ಕ್ರಿಂಪ್ ಮಾಡಲು (ಒತ್ತಿ ಜೋಡಿಸಲು) ಹೇಳಿ. ನಾಲ್ಕು ಎಳೆ ಮಾತ್ರ ಜೋಡಿಸಿದರೆ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ, ಗಿಗಾಬಿಟ್ ಸಿಗುವುದಿಲ್ಲ. ಅದೇನೂ ದೊಡ್ಡ ನಷ್ಟವಲ್ಲ. 1080ಪಿ, 60 ಫ್ರೇಮಿಗೆ ಮೂನ್‌ಲೈಟ್ ತಾನಾಗಿ ಇಟ್ಟುಕೊಳ್ಳುವುದು 20 ಎಂಬಿಪಿಎಸ್ ಮಾತ್ರ. ತುಂಬಾ ಟಿವಿಗಳ ಲ್ಯಾನ್ ಪೋರ್ಟ್ ಕೂಡ 100ರದ್ದೇ, ಅದು ಧಾರಾಳವಾಗಿ ಸಾಕು. ಒಂದು ಎಚ್ಚರಿಕೆ ಇದೆ. ಪಿಸಿ ಇರುವುದು ಅಂಗಳದಾಚೆಯ ಬೇರೆ ಕಟ್ಟಡದಲ್ಲಾದರೆ ತಾಮ್ರದ ಲ್ಯಾನ್ ವೈರನ್ನು ಬಯಲಲ್ಲಿ ಎಳೆಯಬೇಡಿ. ಅಕ್ಟೋಬರ್, ನವೆಂಬರ್ ಸಂಜೆಯ ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ಹತ್ತಿರದಲ್ಲಿ ಎಲ್ಲೋ ಬಿದ್ದರೂ ಆ ವೈರ್ ಹಿಡಿದು ಬಂದು ಪೋರ್ಟ್ ಸುಟ್ಟು ಹೋಗುತ್ತದೆ, ಕೆಲವೊಮ್ಮೆ ಮದರ್‌ಬೋರ್ಡೇ ಹೋಗುತ್ತದೆ. ಅಂಥ ಕಡೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಪೋರ್ಟ್‌ಗೆ ಜೋಡಿಸುವ ಡಬ್ಬಿ) ಹಾಕಿಸಿ. ಕಬ್ಬಿಣದ ಎಳೆ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಪಿಸಿಯ ಅಂಕಿ ಜಾಸ್ತಿ ಬಂದರೆ ಮೊದಲು ಆಟಕ್ಕೆ ಸೆಕೆಂಡಿಗೆ 60 ಫ್ರೇಮ್ (ಎಫ್‌ಪಿಎಸ್) ಮಿತಿ ಹಾಕಿ. ಮಿತಿ ಇಲ್ಲದಿದ್ದರೆ ಆಟವೇ ಗ್ರಾಫಿಕ್ಸ್ ಕಾರ್ಡನ್ನು ನೂರಕ್ಕೆ ನೂರು ಹಿಂಡುತ್ತದೆ, ಚಿತ್ರ ಹಿಡಿದು ಕಳಿಸುವ ಕೆಲಸಕ್ಕೆ ಸರದಿ ಸಿಗುವುದಿಲ್ಲ. ಎನ್‌ವಿಡಿಯಾ ಜಿಟಿ 1030 ಕಾರ್ಡ್ ಆಗಿದ್ದರೆ ಅದರಲ್ಲಿ ಚಿತ್ರವನ್ನು ಕಳಿಸಲು ಕುಗ್ಗಿಸುವ ವೀಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ, ಎಲ್ಲಾ ಪ್ರೊಸೆಸರ್ ಮೇಲೆ ಬೀಳುತ್ತದೆ. ಟಿವಿಯ ಅಂಕಿ ಜಾಸ್ತಿ ಇದ್ದರೆ 4ಕೆ ಬಿಟ್ಟು 1080ಪಿಗೆ ಬನ್ನಿ. ಟಿವಿಯ ಗೇಮ್ ಮೋಡ್ ಅಂತೂ ಆನ್ ಇರಲೇಬೇಕು.

ಈಗ ಕಂಟ್ರೋಲರ್. ತಡವಾಗುವುದು ಮತ್ತು ಎರಡು ಸಲ ಬೀಳುವುದು ಬೇರೆ ಬೇರೆ ಕಾಯಿಲೆಗಳು.

ತಡವಾಗುವುದಕ್ಕೆ ವೈಫೈ ಕಾರಣವಿರಬಹುದು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲೇ. ಟಿವಿಯೂ ಅದೇ ಬ್ಯಾಂಡಿನಲ್ಲಿ ಸೆಕೆಂಡಿಗೆ 20 ಮೆಗಾಬಿಟ್ ಎಳೆಯುತ್ತಿದ್ದರೆ ನಿಮ್ಮ ಬಟನ್ ಒತ್ತಿದ್ದು ಆ ಸಂತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಅಥವಾ ವೈರ್‌ಗೆ ಹಾಕಿದರೆ ಕಂಟ್ರೋಲರ್ ತಾನಾಗಿ ಸುಧಾರಿಸುವುದು ಇದಕ್ಕೇ. ಪರೀಕ್ಷೆಗೆ ಕಂಟ್ರೋಲರನ್ನು ಯುಎಸ್‌ಬಿ ವೈರ್‌ನಲ್ಲಿ ಟಿವಿಗೇ ಚುಚ್ಚಿ ನೋಡಿ. ಚಾರ್ಜಿಂಗ್‌ಗೆ ಮಾತ್ರ ಬರುವ ವೈರ್ ಆಗಬಾರದು, ಡೇಟಾ ಹೋಗುವ ವೈರ್ ಬೇಕು.

ಎರಡು ಸಲ ಬೀಳುವುದಕ್ಕೆ ಕಾರಣ ಪಿಸಿಯೊಳಗಿದೆ. ನೀವು ಟಿವಿಯ ಹತ್ತಿರ ಒತ್ತಿದ್ದನ್ನು ಸನ್‌ಶೈನ್ ಪಿಸಿಯಲ್ಲಿ ಒಂದು ನಕಲಿ ಕಂಟ್ರೋಲರ್ ಆಗಿ ತೋರಿಸುತ್ತದೆ. ನಿಮ್ಮದು ಪಿಎಸ್4 ಆದ್ದರಿಂದ ಆ ನಕಲಿಯೂ ಪಿಎಸ್4 ರೂಪದಲ್ಲೇ ಹುಟ್ಟುತ್ತದೆ. ಆಟ ತೆರೆಯುವ ಸ್ಟೀಮ್ ಆ್ಯಪ್ ಅದನ್ನು ನೋಡಿ ತನ್ನದೊಂದು ಎಕ್ಸ್‌ಬಾಕ್ಸ್ ನಕಲಿಯನ್ನು ಹುಟ್ಟಿಸುತ್ತದೆ. ಪಿಎಸ್4 ಕಂಟ್ರೋಲರನ್ನು ಪಿಸಿಗೆ ಹೊಂದಿಸಲು ಹಿಂದೆ ಯಾವಾಗಲೋ ಹಾಕಿದ ಡಿಎಸ್4ವಿಂಡೋಸ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಅದೂ ಒಂದನ್ನು ಸೇರಿಸಬಹುದು. ಆಟ ಎರಡರ ಮಾತನ್ನೂ ಕೇಳುತ್ತದೆ, ಒಂದು ಒತ್ತಿಗೆ ಎರಡು ಸಾಲು ಇಳಿಯುತ್ತದೆ.

ಖಚಿತ ಮಾಡಿಕೊಳ್ಳಲು ಸ್ಟ್ರೀಮ್ ಓಡುತ್ತಿರುವಾಗಲೇ ಪಿಸಿಯಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜೆ-ಓ-ವೈ ಡಾಟ್ ಸಿ-ಪಿ-ಎಲ್ ಅಂತ ಟೈಪ್ ಮಾಡಿ. ಒಂದು ಸಣ್ಣ ಕಿಟಕಿಯಲ್ಲಿ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ. ಕೈಯಲ್ಲಿರುವುದು ಒಂದು, ಪಟ್ಟಿಯಲ್ಲಿ ಎರಡು ಮೂರು ಅಂತಾದರೆ ಕಳ್ಳ ಸಿಕ್ಕಿದ. ಡಿಎಸ್4ವಿಂಡೋಸ್ ಪೂರ್ತಿ ಮುಚ್ಚಿ. ಸನ್‌ಶೈನ್‌ನ ಸೆಟ್ಟಿಂಗ್ಸ್ ಪುಟ ತೆರೆದು, ಇನ್‌ಪುಟ್ ವಿಭಾಗದಲ್ಲಿ ಗೇಮ್‌ಪ್ಯಾಡ್ ಬಗೆಯನ್ನು ಎಕ್ಸ್360 (ಎಕ್ಸ್‌ಬಾಕ್ಸ್ ರೂಪ) ಮಾಡಿ. ಆಮೇಲೆ ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್, ಅದರಲ್ಲಿ ಕಂಟ್ರೋಲರ್, ಅಲ್ಲಿ ಸ್ಟೀಮ್ ಇನ್‌ಪುಟ್ ಡಿಸೇಬಲ್. ಕಂಟ್ರೋಲರ್ ಪರವಾಗಿ ಆಟದ ಜೊತೆ ಮಾತಾಡುವವರು ಒಬ್ಬರೇ ಇರಬೇಕು.

ಇನ್ನೊಂದು: ಆಡುತ್ತಾ ಇದ್ದ ಹಾಗೆ ಇದ್ದಕ್ಕಿದ್ದಂತೆ ಸ್ಟಿಕ್‌ನಿಂದ ಮೌಸ್ ಓಡಲು ಶುರುವಾದರೆ ಹೆದರಬೇಡಿ. ಮೂನ್‌ಲೈಟ್‌ನಲ್ಲಿ ಸ್ಟಾರ್ಟ್ ಬಟನ್ ಒತ್ತಿ ಹಿಡಿದರೆ ಮೌಸ್ ಮೋಡ್ ಬರುತ್ತದೆ. ಪಿಎಸ್4ರಲ್ಲಿ ಅದು ಆಪ್ಷನ್ಸ್ ಬಟನ್. ಮತ್ತೆ ಒತ್ತಿ ಹಿಡಿದರೆ ಹೋಗುತ್ತದೆ.

ಪಿಸಿಗೆ ವೈರ್ ಹಾಕಿದ ಮೇಲೂ ಚಿತ್ರ ಒಡೆದರೆ ಆ ಮೂರು ಅಂಕಿ, ಗ್ರಾಫಿಕ್ಸ್ ಕಾರ್ಡ್‌ನ ಹೆಸರು ಮತ್ತು ಮೋಡೆಮ್‌ನಲ್ಲಿ 5 ಗಿಗಾಹರ್ಟ್ಸ್ ಇದೆಯೋ ಇಲ್ಲವೋ ಅನ್ನುವುದನ್ನು ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.